ಬೀಗ ಮುರಿದ ಫೋನಿನ ಎರಡನೇ ಕೀಲಿ

"ಹಲ್ಲು ಮೂರು ಗಂಟೆಗೆ ಬರುತ್ತಂತೆ, ದೀದಿ," ಅಂದಳು ಅಕೋಸಿತಾ. ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದ ಚಾಕು ಮಾತ್ರ ನಿಲ್ಲಲಿಲ್ಲ.

ಸುಭಾಶ್ನಿ ಗೋಡೆಯ ಗಡಿಯಾರ ನೋಡಿದಳು. ಒಂದೂ ಇಪ್ಪತ್ತು.

ಮೇಜಿನ ಮೇಲೆ ವೈಸೇಯಾನ ಫೋನು ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು. ಮುಂದಿನ ಗಾಜು ಪುಡಿಪುಡಿ. ಚಾರ್ಜಿನ ತೂತನ್ನು ಉಪ್ಪುನೀರು ತಿಂದು ಹಸಿರುಗಟ್ಟಿಸಿತ್ತು. ಬ್ಯಾಟರಿ ಇದ್ದ ಜಾಗಕ್ಕೆ ಎರಡು ತೆಳ್ಳನೆಯ ತಂತಿ ಬೆಸೆದು ಹೊರಗಿನಿಂದ ಕರೆಂಟು ಕೊಟ್ಟಿದ್ದಳು. ನಾಲ್ಕು ಸಲ ಕೊಟ್ಟಾಗಲೂ ಏಳಲಿಲ್ಲ.

ಟ್ಯೂನಾ ಹಡಗಿನಲ್ಲಿ ಸರ್ಕಾರದ ಪರವಾಗಿ ಮೀನಿನ ಲೆಕ್ಕ ಇಡುತ್ತಿದ್ದ ವೈಸೇಯಾ ನಡುಸಮುದ್ರದಲ್ಲಿ ಕಾಣೆಯಾಗಿ ಹದಿನಾರು ದಿನ. ಕುಡಿದು ಬಿದ್ದ ಅನ್ನುತ್ತದೆ ಕಂಪನಿ, ಅವರು ಕುಡಿಯುವವರೇ ಅಲ್ಲ ಅನ್ನುತ್ತಾಳೆ ಹೆಂಡತಿ ಅಕೋಸಿತಾ.

"ಮೂರರೊಳಗೆ ಏನೂ ಸಿಗದಿದ್ರೆ?" ಸುಭಾಶ್ನಿ ಕೇಳಿದಳು.

"ದೊಡ್ಡಪ್ಪ ಕೈ ಚಾಚ್ತಾರೆ. ಕಂಪನಿಯೋರ ಹಲ್ಲು ತಗೋತಾರೆ. ಮುಗೀತು."

ಕ್ಷಮೆ ಕೇಳಲು ತಂದ ತಿಮಿಂಗಿಲದ ಹಲ್ಲು ಹಿರಿಯರ ಕೈಗೆ ಬಂತೆಂದರೆ ಅದನ್ನು ತಂದವರ ತಪ್ಪು ಮಣ್ಣಾದ ಹಾಗೆ. ಆಮೇಲೆ ಆ ಮನೆಯವರು ದೂರು ಕೊಡುವುದಿಲ್ಲ, ಕೋರ್ಟಿನಲ್ಲಿ ಬಾಯಿ ಬಿಡುವುದಿಲ್ಲ, ಸತ್ತವನಿಗಾಗಿ ಅಳುವಾಗಲೂ ಯಾರತ್ತಲೂ ಬೆರಳು ತೋರಿಸುವುದಿಲ್ಲ. ಸುಭಾಶ್ನಿ ರಾಜಧಾನಿ ಸುವಾದ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಫೋನ್ ರಿಪೇರಿ ಅಂಗಡಿ ಇಡುವ ಮುಂಚೆ ಒಂಬತ್ತು ವರ್ಷ ಪೊಲೀಸ್ ಲ್ಯಾಬಿನಲ್ಲಿ ಫೋನು ಬಿಚ್ಚಿದವಳು. ಹಲ್ಲಿನ ಮುಂದೆ ತಾವಾಗಿ ಮುಚ್ಚಿಕೊಂಡ ಕಡತಗಳನ್ನು ಅವಳು ಬೇಕಾದಷ್ಟು ನೋಡಿದ್ದಳು.

"ನನ್ನ ಅಂಗಡೀಲಿ ಆಗಿದ್ರೆ ಒಳ್ಳೇ ಸಾಮಾನಿತ್ತು. ಇಲ್ಲಿ ನಿಮ್ಮ ಊಟದ ಮೇಜಿನ ಮೇಲೆ ಒದ್ದಾಡ್ತಿದೀನಿ."

"ಏನ್ಮಾಡ್ಲಿ ದೀದಿ. ಹೋದವನ ಸಾಮಾನು ಮನೆ ದಾಟಬಾರದು ಅಂದ್ರು ದೊಡ್ಡಪ್ಪ. ನಮ್ಮ ವೈಫೈ ಬೇರೆ ನಿಂತುಹೋಗಿತ್ತು, ಅದನ್ನೂ ಅವರೇ ಬೆಳಿಗ್ಗೆ ರೀಚಾರ್ಜ್ ಮಾಡಿಸಿದ್ರು. ಪಾಪ, ಈ ವಯಸ್ಸಲ್ಲಿ ಎಲ್ಲದಕ್ಕೂ ಅವರೇ ಓಡಾಡ್ತಿದಾರೆ."

ಪಟ್ಟಿಗಾಜಿನ ಕಿಟಕಿಯಾಚೆ ದೊಡ್ಡಪ್ಪ ಇಲಿಯೇಸಾ ಚಾಪೆ ಹಾಸಿಸುತ್ತಿದ್ದ. ವೈಸೇಯಾನ ತಂದೆಯ ಅಣ್ಣ, ಇಡೀ ಕುಲಕ್ಕೆ ಹಿರಿಯ. ಅಂಗಳದ ಮೂಲೆಯಲ್ಲಿ ಗಂಡಸರು ಗುಂಡಿ ತೋಡಿ ಕಲ್ಲು ಕಾಯಿಸುತ್ತಿದ್ದರು. ಕ್ಷಮೆ ಕೇಳಲು ಬರುವವರಿಗೂ ಊಟ ಹಾಕಬೇಕಲ್ಲ.

ಸುಭಾಶ್ನಿ ಐದನೇ ಸಲ ತಂತಿಗೆ ಕರೆಂಟು ಬಿಟ್ಟಳು.

ಫೋನು ಒಮ್ಮೆ ನಡುಗಿತು.

"ಎದ್ತು!" ಅಂದಳು ಅಕೋಸಿತಾ.

"ಅದು ಎದ್ದಿರೋದು ನಮಗೆ ಕಾಣಿಸಲ್ಲ. ಅದಕ್ಕೀಗ ಕಣ್ಣಿಲ್ಲ, ಬಾಯಿಲ್ಲ, ಕಿವಿ ಒಂದೇ." ರೌಟರಿನ ಪಟ್ಟಿಯಲ್ಲಿ ವೈಸೇಯಾನ ಹೆಸರು ಮೂಡುವುದನ್ನು ಸುಭಾಶ್ನಿ ತನ್ನ ಲ್ಯಾಪ್‌ಟಾಪಿನಲ್ಲಿ ನೋಡಿದಳು. "ಮನೆ ವೈಫೈ ಗುರುತು ಹಿಡೀತು. ಇನ್ನು ಇದ್ರಲ್ಲೇ ಮಾತಾಡಿಸ್ಬೇಕು."

"ವೈರ್ ಇಲ್ದೆನೇ?"

"ಫೋನ್ ತಯಾರಿಸೋರು ರಿಪೇರಿಗೆ ಅಂತ ಒಂದು ಹಿತ್ತಲ ಬಾಗಿಲು ಇಟ್ಟಿರ್ತಾರೆ. ಮೊದಲು ವೈರು ಚುಚ್ಚಬೇಕಿತ್ತು. ಈಗ ಒಂದೇ ವೈಫೈಯಲ್ಲಿದ್ರೆ ಸಾಕು. ವೈರ್‌ಲೆಸ್ ಡೀಬಗ್ಗಿಂಗ್ ಅಂತಾರೆ. ಕಂಪ್ಯೂಟರು ದೂರದಲ್ಲಿ ಕೂತು ಹೇಳಿದ್ದೆಲ್ಲ ಫೋನು ಮಾಡುತ್ತೆ."

"ಯಾರು ಹೇಳಿದ್ರೂ?"

"ಇಲ್ಲ. ಮುಂಚೆ ಒಂದ್ಸಲ ಪರಿಚಯ ಮಾಡ್ಕೊಂಡಿರೋ ಕಂಪ್ಯೂಟರು ಹೇಳಿದ್ರೆ ಮಾತ್ರ. ಆ ಗುರುತಿಗೆ ಕೀಲಿ ಅಂತೀವಿ. ಇವರ ಹಳೇ ಲ್ಯಾಪ್‌ಟಾಪಲ್ಲಿ ಒಂದು ಕೀಲಿ ಇರ್ಬೇಕು, ಅದಕ್ಕೇ ಅದನ್ನ ತೆಗೆದಿಡು ಅಂದಿದ್ದು. ಆದ್ರೆ ಒಂದು ತೊಂದರೆ ಇದೆ. ಫೋನು ಆರಿ ಹೊತ್ತಿದ್ರೆ ಆ ಬಾಗಿಲು ತಾನೇ ಮುಚ್ಕೊಳ್ಳುತ್ತೆ. ಏಳು ದಿನ ಮಾತಾಡಿಸದಿದ್ರೆ ಕೀಲೀನೂ ಮರೆತುಬಿಡುತ್ತೆ."

"ಹದಿನಾರು ದಿನ ಆಯ್ತಲ್ಲ."

"ಹ್ಞೂಂ."

"ಹಾಗಿದ್ಮೇಲೆ ಯಾಕೆ ಕೂತಿದೀವಿ ನಾವು?"

"ಒಂದು ಹೇಳು. ಇವರ ಫೋನಲ್ಲಿ ಬ್ಯಾಂಕಿನ ಆ್ಯಪ್ ಓಡ್ತಿತ್ತಾ?"

ಅಕೋಸಿತಾ ಚಾಕು ಕೆಳಗಿಟ್ಟಳು. "ಅಯ್ಯೋ, ಅದೇ ಜಗಳ ನಮ್ಮನೇಲಿ! ತೆರೆದ್ರೆ ಸಾಕು, ಈ ಫೋನು ಸುರಕ್ಷಿತ ಅಲ್ಲ ಅಂತ ಮುಚ್ಕೋತಿತ್ತು. ಕರೆಂಟ್ ಬಿಲ್ ಕಟ್ಟೋಕೆ ನನ್ನ ಫೋನ್ ಕಿತ್ಕೋತಿದ್ರು. ನಿಮಗೆ ಹೇಗೆ ಗೊತ್ತು?"

"ಹಾಗಿದ್ರೆ ಸ್ವಲ್ಪ ಆಸೆ ಇದೆ. ಇದು ರೂಟ್ ಮಾಡಿಸಿದ ಫೋನು. ನೋಡು, ನಾವು ಫೋನು ಕೊಂಡ್ರೂ ಅದರೊಳಗೆ ಬಾಡಿಗೆದಾರರೇ. ಗೋಡೆಗೊಂದು ಮೊಳೆ ಹೊಡೆಯೋ ಹಾಗಿಲ್ಲ. ರೂಟ್ ಮಾಡಿದ್ರೆ ಮನೆ ನಮ್ಮದಾಗುತ್ತೆ."

"ಹಡಗಿನ ವೈಫೈ ಬೇಕಂದ್ರೆ ಅವರದೊಂದು ಆ್ಯಪ್ ಹಾಕ್ಕೋಬೇಕಿತ್ತಂತೆ. ಅದು ಫೋಟೋಗಳನ್ನೆಲ್ಲ ಇಣುಕುತ್ತೆ, ಕಿತ್ರೂ ಹೋಗಲ್ಲ ಅಂತ ಬೈತಿದ್ರು. ಒಂದು ದಿನ ಸುವಾಗೆ ಹೋಗಿ ಬಂದು, ಕಿತ್ತು ಬಿಸಾಕಿಸ್ದೆ ಅಂದ್ರು."

"ಅದೇ. ಬೇಡದ್ದನ್ನ ಕೀಳಬಹುದು, ಹಿತ್ತಲ ಬಾಗಿಲನ್ನ ಯಾವಾಗಲೂ ತೆರೆದಿಡಬಹುದು, ಆರಿ ಹೊತ್ತಿದ್ರೂ. ಈಗ ನಾನು ಹೊಸದಾಗಿ ಮಾಡೋಕೆ ಹೋದ್ರೆ ಫೋನು ಮೊದಲು ತನ್ನ ಹೊಟ್ಟೇಲಿರೋದನ್ನೆಲ್ಲ ಅಳಿಸ್ಕೊಳ್ಳುತ್ತೆ. ಮುಂಚೇನೇ ಮಾಡಿಸಿದ್ರು ಅಂತ ನಾವು ಬಚಾವು."

"ಒಳ್ಳೇದೇ ಮಾಡಿದಾರೆ ಹಾಗಾದ್ರೆ."

"ಬೀಗ ಮುರಿದ ಮನೆ ಅಕೋಸಿತಾ. ಮನೆಯವರು ನುಗ್ಗೋದು ಎಷ್ಟು ಸುಲಭವೋ ಕಳ್ಳ ನುಗ್ಗೋದೂ ಅಷ್ಟೇ ಸುಲಭ. ಬ್ಯಾಂಕಿನೋರು ಸುಮ್ನೆ ಹೆದರಲ್ಲ."

ತೆರೆದ ಬಾಗಿಲಿನ ಸಂಖ್ಯೆ ಹುಡುಕಲು ಅವಳು ಲ್ಯಾಪ್‌ಟಾಪಿಗೆ ಹೇಳಿದಳು. ಅದು ಒಂದೊಂದೇ ಬಾಗಿಲು ತಟ್ಟುತ್ತಾ ಹೋಯಿತು. ಮೂರು ನಿಮಿಷ. ಐದು ನಿಮಿಷ.

ಸಿಕ್ಕಿತು. 3077.

ಸುಭಾಶ್ನಿಯ ಬೆರಳುಗಳು ಅಲ್ಲೇ ನಿಂತವು.

ಅವಳು ವೈಸೇಯಾನ ಲ್ಯಾಪ್‌ಟಾಪ್ ಎಳೆದುಕೊಳ್ಳಬೇಕಿತ್ತು. ಕೀಲಿ ಇದ್ದದ್ದು ಅದರಲ್ಲಿ. ಎಳೆದುಕೊಳ್ಳಲಿಲ್ಲ. ತನ್ನ ಲ್ಯಾಪ್‌ಟಾಪಿನಲ್ಲೇ ಆದೇಶ ಟೈಪ್ ಮಾಡಿದಳು. ನಿನ್ನ ಪರಿಚಯ ನನಗಿಲ್ಲ ಅಂತ ಫೋನು ತಳ್ಳಿಬಿಡಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

ಫೋನು ತಳ್ಳಲಿಲ್ಲ. ಒಂದು ಕ್ಷಣವೂ ಯೋಚಿಸದೆ ಒಳಗೆ ಕರೆಯಿತು.

"ಆಯ್ತಾ ದೀದಿ?"

"ಆಯ್ತು. ಪಿನ್ ಹೇಳು."

"ಮಗಳು ಹುಟ್ಟಿದ ದಿನ."

ಅಂಕಿ ಒತ್ತಿದ ಕೂಡಲೇ ಒಡೆದ ಫೋನಿನ ಪರದೆ ಲ್ಯಾಪ್‌ಟಾಪಿನ ಮೇಲೆ ಇಡಿಯಾಗಿ ಅರಳಿತು. ತನಗಿಂತ ಉದ್ದದ ಮೀನೊಂದನ್ನು ಅಪ್ಪಿ ಹಿಡಿದು ನಗುತ್ತಿರುವ ಏಳು ವರ್ಷದ ಹುಡುಗಿ. ಅಕೋಸಿತಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹತ್ತಿರ ಬಂದಳು. ಪರದೆ ಮುಟ್ಟಲಿಲ್ಲ.

ವಿಡಿಯೊಗಳ ಜಾಗ ತೆರೆದರೆ ಖಾಲಿ.

"ನಲವತ್ತೊಂದು ಇರ್ಬೇಕು," ಅಂದಳು ಅಕೋಸಿತಾ. "ಕೊನೇ ಸಲ ಮಾತಾಡ್ದಾಗ ಹೇಳಿದ್ರು. ಶಾರ್ಕಿನ ರೆಕ್ಕೆ ಕೊಯ್ದು ಜೀವಂತ ನೀರಿಗೆ ಎಸೀತಿದಾರೆ, ಎಲ್ಲ ತೆಗೆದಿಟ್ಟಿದೀನಿ ಅಂತ. ಇದು ನನ್ನ ಹತ್ರ ಇರೋ ತನಕ ಇವರು ನನ್ನ ಮುಟ್ಟಲ್ಲ ಅಕೋ, ಅಂದಿದ್ರು. ಸರಿಯಾಗಿ ನೋಡಿ."

"ನೋಡ್ತಿದೀನಿ."

"ಅಳಿಸಿದ್ದನ್ನ ವಾಪಸ್ ತರಬಹುದಂತಲ್ಲ?"

"ಹಳೇ ಫೋನಲ್ಲಿ ಆಗ್ತಿತ್ತು. ಈಗಿನವು ಅಳಿಸಿದ ಕೂಡ್ಲೆ ಅದರ ಗುರುತನ್ನೂ ಸುಟ್ಟುಬಿಡ್ತವೆ."

ಹೊರಗೆ ಯಾರೋ ಸೌದೆ ಒಡೆಯುತ್ತಿದ್ದರು.

ರೂಟ್ ಮಾಡಿದ ಫೋನಿನಲ್ಲಿ ಒಂದು ಪುಟ್ಟ ಆ್ಯಪ್ ಇರುತ್ತದೆ. ಯಾರು ಯಾವಾಗ ಮಾಲೀಕನ ಅಧಿಕಾರ ಬಳಸಿದರು ಅನ್ನುವುದನ್ನು ಅದು ದಿನಚರಿಯ ಹಾಗೆ ಬರೆದಿಡುತ್ತದೆ. ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿಲ್ಲ. ಸುಭಾಶ್ನಿ ಅದನ್ನು ತೆರೆದಳು.

ವೈಸೇಯಾ ಕಾಣೆಯಾದ ಗುರುವಾರ. ಸಂಜೆ ನಾಲ್ಕೂ ಹತ್ತು. ಹಿತ್ತಲ ಬಾಗಿಲಿನಿಂದ ಬಂದ ಆದೇಶ: ವಿಡಿಯೊ ಎಲ್ಲವನ್ನೂ ಅಳಿಸು.

"ಅವರು ಆಗ ಬದುಕಿದ್ರು," ಅಂದಳು ಅಕೋಸಿತಾ. "ರಾತ್ರಿ ಊಟಕ್ಕೂ ಇದ್ರು ಅಂತ ಕಂಪನಿಯೋರೇ ಬರೆದುಕೊಟ್ಟಿದಾರೆ. ತಮ್ಮ ಕೈಯಾರೆ ಯಾಕೆ ಅಳಿಸ್ತಾರೆ?"

"ಅವರಲ್ಲ. ಹೊರಗಿನ ಕಂಪ್ಯೂಟರು." ಸುಭಾಶ್ನಿ ಇನ್ನೊಂದು ಕಡತ ತೆರೆದಳು. ಫೋನಿಗೆ ಪರಿಚಯವಿರುವ ಕೀಲಿಗಳು. ಎರಡೇ ಎರಡು. ಪ್ರತಿ ಕೀಲಿಯ ಕೊನೆಗೂ ಅದು ಯಾವ ಯಂತ್ರದ್ದು ಅನ್ನುವ ಹೆಸರು ಅಂಟಿಕೊಂಡಿರುತ್ತದೆ.

"ಮೊದಲನೇದು ಇವರ ಲ್ಯಾಪ್‌ಟಾಪ್. ಅವತ್ತು ಎಲ್ಲಿತ್ತು?"

"ಇಲ್ಲೇ, ಕಪಾಟಲ್ಲಿ. ಎರಡನೇದು?"

ಸುಭಾಶ್ನಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಸುಳ್ಳು ಹೇಳಲು ಒಂದು ನಿಮಿಷ ಸಮಯವಿತ್ತು. ಹೇಳಲಿಲ್ಲ.

"ಎರಡನೇದು ನನ್ನ ಅಂಗಡೀದು."

ಅಕೋಸಿತಾ ಆ ಹೆಸರನ್ನು ತುಟಿ ಅಲ್ಲಾಡಿಸಿ ಓದಿಕೊಂಡಳು.

"ಇದನ್ನ ರೂಟ್ ಮಾಡಿದವಳು ನಾನೇ ಅಕೋಸಿತಾ. ಬಾಗಿಲ ಸಂಖ್ಯೆ ನೋಡಿದಾಗಲೇ ಅನುಮಾನ ಬಂತು. ನಮ್ಮ ಅಂಗಡಿ ಫೋನ್ ನಂಬರಿನ ಕೊನೇ ನಾಲ್ಕು ಅಂಕಿ ಅದು, ನಾನು ಎಲ್ಲ ಫೋನಿಗೂ ಅದನ್ನೇ ಹಾಕೋದು. ವಾರಕ್ಕೆ ಹತ್ತು ಹದಿನೈದು ಮಾಡ್ತೀನಿ, ಮುಖ ನೆನಪಿಲ್ಲ. ಏಳು ದಿನಕ್ಕೆ ಕೀಲಿ ಮರೆಯೋ ನಿಯಮಾನ ಆರಿಸಿಬಿಡ್ತೀನಿ, ಗಿರಾಕಿ ಮತ್ತೆ ಬಂದ್ರೆ ಕೆಲಸ ಬೇಗ ಆಗ್ಲಿ ಅಂತ. ಅಂಗಡೀಲಿದ್ದ ಮೂರು ಲ್ಯಾಪ್‌ಟಾಪಿಗೂ ಒಂದೇ ಕೀಲಿ ನಕಲು ಮಾಡಿಟ್ಟಿದ್ದೆ. ಎಲ್ಲ ರಿಪೇರಿಯೋರೂ ಹಾಗೇ ಮಾಡ್ತಾರೆ."

"ಆ ಮೂರೂ ಎಲ್ಲಿವೆ?"

"ಒಂದು ಇದು. ಒಂದು ಅಂಗಡೀಲಿದೆ. ಒಂದನ್ನ ಹೋದ ವರ್ಷ ಮಾರಿದೆ. ಹಡಗಲ್ಲಿ ಎಲ್ರಿಗೂ ಸಿನಿಮಾ ತೋರಿಸ್ಬೇಕು ಅಂತ ಒಬ್ಬ ಬಂದಿದ್ದ. ಮೆಟ್ಟಿಲಿಳೀತಾ ಬಸ್‌ಸ್ಟ್ಯಾಂಡಿಗೆಲ್ಲ ಕೇಳೋ ಹಾಗೆ ನಗ್ತಿದ್ದ. ನನ್ನ ಫೋಟೋಗಳನ್ನ ಅಳಿಸಿ ಕೊಟ್ಟೆ. ಕೀಲಿ ತೆಗೀಲಿಲ್ಲ."

ಆ ನಗೆ ಯಾರದ್ದು ಅಂತ ಅಕೋಸಿತಾಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕುಳಿತಲ್ಲಿಂದ ಎದ್ದಳು. ಸುಭಾಶ್ನಿಯ ಮುಂದಿದ್ದ ಅರ್ಧ ಕುಡಿದ ಚಹಾದ ಲೋಟ ತೆಗೆದುಕೊಂಡು ಹೋಗಿ ತೊಟ್ಟಿಯಲ್ಲಿ ಚೆಲ್ಲಿದಳು.

"ಅವರನ್ನ ಕರೀರಿ," ಅಂದಳು. ದೀದಿ ಅನ್ನಲಿಲ್ಲ.

* * *

ಅಪಿಸಾಯ್ ಬಾಗಿಲಲ್ಲಿ ನಿಂತ. ಮೊಣಕೈವರೆಗೂ ಬೂದಿ, ಮಣ್ಣು. ಅಕೋಸಿತಾಗೆ ಒಡಹುಟ್ಟಿದ ಅಣ್ಣ, ಅದೇ ಹಡಗಿನಲ್ಲಿ ಗಾಳ ಎಳೆಯುವವನು. ಡೆಕ್ಕಿನ ನೀರು ಹರಿಯುವ ಕಂಡಿಯಲ್ಲಿ ಸಿಕ್ಕಿತು ಅಂತ ಫೋನನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದವನೂ ಅವನೇ.

ಅಕೋಸಿತಾ ಒಲೆಯ ಕಡೆ ಮುಖ ಮಾಡಿ ಬೆನ್ನು ತಿರುಗಿಸಿದಳು. ಕೋಪಕ್ಕಲ್ಲ. ಅವರ ಊರಲ್ಲಿ ಮೈನೆರೆದ ಮೇಲೆ ತಂಗಿ ಅಣ್ಣನ ಜೊತೆ ನೇರ ಮಾತಾಡುವುದಿಲ್ಲ, ಕಣ್ಣೆತ್ತಿ ನೋಡುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇವರಿಬ್ಬರ ಮಧ್ಯೆ ಯಾರಾದರೂ ಒಬ್ಬರು ಬೇಕಾಗಿತ್ತು. ಇಷ್ಟು ದಿನ ವೈಸೇಯಾ ಇದ್ದ.

"ಕೂತ್ಕೋ ಅಪಿಸಾಯ್," ಅಂದಳು ಸುಭಾಶ್ನಿ.

"ಕಲ್ಲು ಕಾದಿದೆ ದೀದಿ, ಹಂದಿ ಇಳಿಸ್ಬೇಕು. ಬೇಗ ಹೇಳಿ."

"ಹಂದಿಗೇನೂ ಅವಸರ ಇಲ್ಲ. ನನ್ನ ಹತ್ರ ತಗೊಂಡ ಲ್ಯಾಪ್‌ಟಾಪ್ ಎಲ್ಲಿ?"

"ಅದಾ!" ನಕ್ಕ. ಬಸ್‌ಸ್ಟ್ಯಾಂಡಿಗೆ ಕೇಳುವ ನಗೆಯಲ್ಲ. "ಸಮುದ್ರಕ್ಕೆ ಬಿತ್ತು. ಅಲೆ ಹೊಡೆದ್ರೆ ನಿಮ್ಮ ಲ್ಯಾಪ್‌ಟಾಪೇನು, ಕ್ಯಾಪ್ಟನ್ನೂ ಬೀಳ್ತಾನೆ. ಈಗ ಮೀನುಗಳು ಸಿನಿಮಾ ನೋಡ್ತಿರ್ಬೇಕು."

ಒಲೆಯ ಕಡೆಯಿಂದ ಅಕೋಸಿತಾ ಸುಭಾಶ್ನಿಗೆ ಹೇಳಿದಳು: "ಕೋಳಿ ವಿಷಯ ಕೇಳಿ ಅವರನ್ನ."

"ಯಾವ ಕೋಳಿ?"

"ಪ್ರಾರ್ಥನೆಗೆ ಕೂತಾಗ ನಮ್ಮವರ ಫೋನಲ್ಲಿ ಕೋಳಿ ಕೂಗ್ತಿತ್ತಂತೆ. ನಿನ್ನ ಅಣ್ಣಂದೇ ಕೆಲಸ, ಅದು ಹೇಗೆ ಮಾಡ್ತಾನೋ ಗೊತ್ತಾಗಲ್ಲ ಅಂತ ನಕ್ಕೊಂಡು ಹೇಳ್ತಿದ್ರು."

ಅಪಿಸಾಯ್ ನೆಲ ನೋಡುತ್ತಾ ಕುಕ್ಕರಗಾಲಲ್ಲಿ ಕುಳಿತ.

"ತಮಾಷೆ ದೀದಿ. ಭಾವ ಭಾವಮೈದ ನಾವು, ನಾವಲ್ದೆ ಇನ್ಯಾರು ಕೀಟಲೆ ಮಾಡ್ಬೇಕು? ಅವನು ನನ್ನ ಬೂಟಲ್ಲಿ ಮೀನಿನ ಕರುಳು ತುಂಬ್ತಿದ್ದ. ನಿಮ್ಮ ಲ್ಯಾಪ್‌ಟಾಪ್ ಹಾಕ್ದಾಗೆಲ್ಲ ಅವನ ಫೋನು ತಾನಾಗೇ ಕಾಣಿಸ್ತಿತ್ತು. ನಾನೇನು ಬೀಗ ಮುರೀಲಿಲ್ಲ, ತೆರೆದೇ ಇತ್ತು. ಕೋಳಿ ಕೂಗಿಸ್ದೆ. ಒಂದ್ಸಲ ನನ್ನ ತಿಕದ ಫೋಟೋನ ಅವನ ಪರದೆಗೆ ಹಾಕ್ದೆ. ಹಡಗೆಲ್ಲ ಬಿದ್ದು ಬಿದ್ದು ನಕ್ಕರು."

"ಎಲ್ರಿಗೂ ಗೊತ್ತಿತ್ತಾ, ನಿನಗೆ ಅವನ ಫೋನ್ ಒಳಗೆ ಹೋಗೋಕೆ ಬರುತ್ತೆ ಅಂತ?"

"ಎಲ್ರಿಗೂ. ಬೋಸನ್ ಎಲ್ರಿಗಿಂತ ಜೋರಾಗಿ ನಕ್ಕಿದ್ದ."

ಬೋಸನ್ ಅಂದರೆ ಡೆಕ್ಕಿನ ಮೇಸ್ತ್ರಿ. ಕ್ಯಾಪ್ಟನ್ ಹೇಳಲಾಗದ್ದನ್ನು ಹೇಳುವವನು.

"ಗುರುವಾರ ಅವನೇ ಬಂದ್ನಾ?"

ಅಪಿಸಾಯ್ ಬೆರಳಿನ ಸಂದಿಯ ಬೂದಿ ಉಜ್ಜಿಕೊಳ್ಳುತ್ತಿದ್ದ. "ಬಂದ. ಆ ವಿಡಿಯೊಗಳನ್ನ ಅಳಿಸು, ಮುಂದಿನ ಬಂದರಲ್ಲಿ ಅವನನ್ನ ಇಳಿಸಿ ವಿಮಾನದಲ್ಲಿ ಮನೆಗೆ ಕಳಿಸ್ತೀವಿ, ಇಲ್ಲಾಂದ್ರೆ ಈ ಹುಡುಗ್ರನ್ನ ಹಿಡಿಯೋದು ನನ್ನ ಕೈಲಾಗಲ್ಲ ಅಂದ. ದೀದಿ, ಆ ವಿಡಿಯೊ ಹೋದ್ರೆ ಅವನ ಜೀವ ಉಳಿಯುತ್ತೆ ಅಂದ್ಕೊಂಡೆ ನಾನು. ದೇವರಾಣೆ."

ಒಲೆಯ ಕಡೆಯಿಂದ: "ಕೇಳಿ ಅವರನ್ನ. ನಮ್ಮವರಿಗೆ ಹೇಳಿದ್ರಾ, ಅಳಿಸ್ದೆ ಅಂತ?"

ಸುಭಾಶ್ನಿ ಕೇಳಬೇಕಾಗಲಿಲ್ಲ. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

"ರಾತ್ರಿ ಊಟಕ್ಕೆ ಕೂತಿದ್ವಿ. ಕ್ಯಾಪ್ಟನ್ ಬಂದು ಏನೋ ಅಂದ. ವೈಸೇಯಾ ತಟ್ಟೆ ಬಿಟ್ಟು ಎದ್ದು ನಿಂತ. ನಲವತ್ತೊಂದು ವಿಡಿಯೊ ನನ್ನ ಜೇಬಲ್ಲಿವೆ, ಮರೀಬೇಡಿ ಅಂದ." ಅಪಿಸಾಯ್ ಬೂದಿಗೈಯಲ್ಲೇ ಮುಖ ಒರೆಸಿಕೊಂಡ. "ಎಲ್ರೂ ನಕ್ಕರು ದೀದಿ. ಅವನೊಬ್ಬನಿಗೇ ಗೊತ್ತಿರಲಿಲ್ಲ."

ಅನ್ನದ ಪಾತ್ರೆಯ ಮುಚ್ಚಳ ಕುದಿತಕ್ಕೆ ಕುಣಿಯುತ್ತಿತ್ತು. ಅಕೋಸಿತಾ ಅದನ್ನು ತೆಗೆಯಲಿಲ್ಲ.

ಎರಡೂ ನಲವತ್ತು. ಸುಭಾಶ್ನಿಗೆ ಎಲ್ಲ ಮುಗಿಯಿತು ಅನ್ನಿಸಿತು. ಉಳಿದಿದ್ದು ದಿನಚರಿಯ ಒಂದು ಸಾಲು. ಅದನ್ನು ನಂಬುವ ಮ್ಯಾಜಿಸ್ಟ್ರೇಟ್ ಸಿಕ್ಕರೂ ಆ ಸಾಲಿನ ಪಕ್ಕದಲ್ಲಿರುವ ಕೀಲಿ ಅವಳ ಅಂಗಡಿಯದು. ವಕೀಲನ ಮೊದಲ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು.

"ಅಳಿಸೋ ಮುಂಚೆ ನಕಲು ಮಾಡ್ಕೊಂಡೆ," ಅಂದ ಅಪಿಸಾಯ್.

ಸುಭಾಶ್ನಿ ತಲೆ ಎತ್ತಿದಳು. "ಏನು?"

"ನಲವತ್ತೊಂದೂ. ದಡಕ್ಕೆ ಬಂದ್ಮೇಲೆ ಅವನಿಗೆ ಕೊಟ್ಟು ಅವನ ಮುಖ ನೋಡಿ ನಗ್ಬೇಕು ಅಂತ. ಸಿನಿಮಾಗಳ ಮಧ್ಯೆ ಬೇರೆ ಹೆಸರಿಟ್ಟು ಅಡಗಿಸ್ದೆ. ಬೋಸನ್‌ಗೆ ಗೊತ್ತಿಲ್ಲ."

"ಲ್ಯಾಪ್‌ಟಾಪ್ ಎಲ್ಲಿ ಅಪಿಸಾಯ್? ಮೀನಿನ ಕಥೆ ಬೇಡ."

"ಶುಕ್ರವಾರ ಬೆಳಿಗ್ಗೆ ಬೋಸನ್ ಕಿತ್ಕೊಂಡ. ಚೀಲದ ಸಮೇತ. ನೀಲಿ ಚೀಲ. ತಳ ಹರಿದಿತ್ತು, ನಾನೇ ಬಿಳೀ ಗಾಳದ ದಾರದಲ್ಲಿ ಹೊಲಿದಿದ್ದೆ. ಆಮೇಲೆ ನಾನು ಅದನ್ನ ನೋಡಿಲ್ಲ."

ಹೊರಗೆ ವ್ಯಾನಿನ ಬಾಗಿಲು ಜಾರಿದ ಸದ್ದು. ಮಾತುಗಳು ತಗ್ಗಿದವು. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರುವವರ ಬಟ್ಟೆಯ ಸರಸರ. ಕಂಪನಿಯ ಮ್ಯಾನೇಜರನ ಕೆಮ್ಮು.

ಹತ್ತು ನಿಮಿಷ ಮೊದಲೇ ಬಂದಿದ್ದರು.

ಆಗ ಸುಭಾಶ್ನಿಯ ಪರದೆಯ ಮೂಲೆಯಲ್ಲಿ ರೌಟರಿನ ಪಟ್ಟಿ ಒಂದು ಸಾಲು ಬೆಳೆಯಿತು. ಮನೆಯ ವೈಫೈಗೆ ಹೊಸದೊಂದು ಯಂತ್ರ ಸೇರಿಕೊಂಡಿತ್ತು. ಅದರ ಹೆಸರನ್ನು ಅವಳೇ ಇಟ್ಟಿದ್ದಳು.

ಸುಭಾ-2.

"ಈ ಮನೇಲಿ ಯಾವತ್ತಾದ್ರೂ ಆ ಲ್ಯಾಪ್‌ಟಾಪನ್ನ ವೈಫೈಗೆ ಹಾಕಿದ್ಯಾ?"

"ಹ್ಞೂಂ, ರಜೇಲಿ ಬಂದಾಗೆಲ್ಲ. ಯಾಕೆ?"

"ಅದು ಇಲ್ಲಿದೆ. ಈ ಅಂಗಳದಲ್ಲೇ. ಮೂವತ್ತು ನಲವತ್ತು ಹೆಜ್ಜೆ ಒಳಗೆ."

ಅಕೋಸಿತಾ ತಿರುಗಿದಳು. ಅವಳ ಮುಖದಲ್ಲಿ ಬೆಳಗ್ಗಿನಿಂದ ಇಲ್ಲದ ಆಸೆಯೊಂದು ಬಂದು, ಸುಭಾಶ್ನಿಯ ಮುಖ ನೋಡಿದ ಕೂಡಲೇ ಹೋಯಿತು.

ಲ್ಯಾಪ್‌ಟಾಪಿನ ಮೇಲೆ ಅರಳಿದ್ದ ವೈಸೇಯಾನ ಫೋನಿನಲ್ಲಿ ಫೋಟೋಗಳು ಒಂದೊಂದಾಗಿ ಆರುತ್ತಿದ್ದವು. ಕೆಳಗಿನಿಂದ ಮೇಲಕ್ಕೆ. ಕ್ರಿಸ್‌ಮಸ್ಸು. ಮಗಳ ಶಾಲೆಯ ಮೊದಲ ದಿನ. ಮದುವೆ.

"ಏನದು? ಏನಾಗ್ತಿದೆ?"

"ಒರೆಸ್ತಿದೆ. ಯಾರೂ ಟೈಪ್ ಮಾಡ್ತಿಲ್ಲ. ಈ ಫೋನು ಕಣ್ಣಿಗೆ ಬಿದ್ದ ಕೂಡ್ಲೆ ಎಲ್ಲ ಒರೆಸು ಅಂತ ಮೊದ್ಲೇ ಬರೆದಿಟ್ಟಿದಾರೆ. ಮುಚ್ಚಳ ಮುಚ್ಚಿ ಚೀಲದಲ್ಲಿಟ್ರೂ ಆ ಲ್ಯಾಪ್‌ಟಾಪು ಮಲಗಲ್ಲ. ಅಂಗಡಿ ಕೆಲಸಕ್ಕೆ ಅಂತ ಹಾಗೆ ಮಾಡಿಟ್ಟವಳೂ ನಾನೇ."

"ವೈಫೈ ಆರಿಸಿ!"

"ಆದೇಶ ಆಗಲೇ ಫೋನ್ ಒಳಗೆ ಸೇರಿದೆ. ವೈಫೈ ಹೋದ್ರೂ ಅದು ಒರೆಸ್ತಾನೇ ಇರುತ್ತೆ."

ಫೋಟೋ ಮುಗಿದರೆ ಮುಂದಿನದು ದಿನಚರಿ. ಗುರುವಾರ, ನಾಲ್ಕೂ ಹತ್ತು. ತಂತಿ ಕಿತ್ತರೆ ಫೋನು ನಿಲ್ಲುತ್ತದೆ. ನಾಲ್ಕು ಸಲ ಏಳದೆ ಐದನೇ ಸಲ ಎದ್ದ ಫೋನು ಅದು.

ಸುಭಾಶ್ನಿ ತಂತಿ ಕಿತ್ತಳು.

ಹುಡುಗಿ, ಮೀನು, ನಗು, ಎಲ್ಲ ಒಟ್ಟಿಗೆ ಆರಿದವು.

ಹೊರಗೆ ಕಂಪನಿಯ ಪರವಾಗಿ ಬಂದ ಮಾತುಗಾರ ಮಂಡಿಯೂರಿ ಶುರು ಮಾಡಿದ. ಸಮುದ್ರದ ಅವಘಡ, ಯಾರ ಕೈಯಲ್ಲೂ ಇಲ್ಲದ ವಿಧಿ, ಭಾರವಾದ ಹೃದಯ. ಎರಡೂ ಅಂಗೈಯ ಮೇಲೆ ಹಳದಿಗಟ್ಟಿದ ಹಲ್ಲು, ಹೆಣೆದ ಹಗ್ಗದ ಸಮೇತ.

ಯಾರು ಬರೆದಿಟ್ಟರು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಸುಭಾಶ್ನಿಯ ತಲೆಯಲ್ಲಿ ಎದ್ದು ನಿಂತಿತು. ಈ ಫೋನು ಇವತ್ತು, ಈ ಹೊತ್ತಿಗೆ, ಅಂಗಡಿಯಲ್ಲಲ್ಲ, ಈ ಮನೆಯ ವೈಫೈಯಲ್ಲೇ ಏಳುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಯಿತು?

ಅಕೋಸಿತಾ ಒಲೆ ಆರಿಸಿದಳು. ಕೈ ಒರೆಸಿಕೊಂಡಳು. ಸುಭಾಶ್ನಿಯನ್ನು ದಾಟಿ ನಡೆದು ನೆಲದಲ್ಲಿ ಕುಳಿತವನ ಎದುರಿಗೇ ನಿಂತಳು.

"ಅಣ್ಣಾ."

ಅಪಿಸಾಯ್‌ನ ಮೈ ಏಟು ಬಿದ್ದ ಹಾಗೆ ಅದುರಿತು. ತಲೆ ಎತ್ತಲಿಲ್ಲ.

"ನನ್ನ ಮುಖ ನೋಡು. ಅವರನ್ನಂತೂ ಉಳಿಸ್ಲಿಲ್ಲ ನೀನು. ನಿನ್ನ ಚೀಲ ಎಲ್ಲಿದೆ ತೋರಿಸು."

ಅವನು ನೋಡಿದ. ಇಪ್ಪತ್ತೆರಡು ವರ್ಷದ ಮೇಲೆ ತಂಗಿಯ ಮುಖವನ್ನು ನೋಡಿದ. ಆಮೇಲೆ ಗೋಡೆ ಹಿಡಿದು ಎದ್ದು ಪಟ್ಟಿಗಾಜಿನ ಕಿಟಕಿಗೆ ಬಂದ.

ಅಂಗಳದಲ್ಲಿ ಚಾಪೆ ಎರಡು ಪಾಲಾಗಿತ್ತು. ಆ ಬದಿ ಕೊಡುವವರು, ಈ ಬದಿ ತೆಗೆದುಕೊಳ್ಳುವವರು. ಮಧ್ಯೆ ಖಾಲಿ ಜಾಗ. ಅಪಿಸಾಯ್ ಆ ಬದಿಯವರನ್ನು ಒಬ್ಬೊಬ್ಬರಾಗಿ ನೋಡುತ್ತಾ ಹೋದ. ಮ್ಯಾನೇಜರನ ಮಡಿಲು ಖಾಲಿ. ಮಾತುಗಾರನ ಹಿಂದೆ, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು. ಉಳಿದ ನಾಲ್ವರ ಕೈಯಲ್ಲೂ ಏನೂ ಇರಲಿಲ್ಲ.

"ಅವರ ಕಡೆ ಇಲ್ಲ," ಅಂದ ತಂಗಿಗೆ.

ಅವನ ಕಣ್ಣು ಖಾಲಿ ಜಾಗ ದಾಟಿ ಈ ಬದಿಗೆ ಬಂತು. ಬಂದು ನಿಂತಿತು. ಅಕೋಸಿತಾ ಅವನ ನೋಟ ಹಿಡಿದು ನೋಡಿದಳು.

ಕಿಟಕಿಯ ಕೆಳಗೇ, ದೊಡ್ಡಪ್ಪ ಇಲಿಯೇಸಾನ ಬೆನ್ನ ಹಿಂದೆ, ಬೈಬಲ್ಲಿನ ಕೆಳಗೆ ಒಂದು ನೀಲಿ ಚೀಲ. ತಳದಲ್ಲಿ ಬಿಳೀ ದಾರದ ಹೊಲಿಗೆ.

ಮಾತುಗಾರ ಮಾತು ಮುಗಿಸಿದ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಹಲ್ಲಿನ ಕಡೆಗೆ ಎರಡೂ ಕೈ ಚಾಚಿದ.